ಹಳೆಯ ಗಿಟಾರನ್ನು ಕೊರೆಯುವ ಮುನ್ನ

2019ನೆಯ ಇಸವಿಯ ಜೂನ್ ತಿಂಗಳಿನಲ್ಲಿ, ನ್ಯೂಯಾರ್ಕ್ ನಗರದಲ್ಲಿ ಕ್ರಿಸ್ಟೀಸ್ ಸಂಸ್ಥೆಯವರು ನಡೆಸಿದ ಹರಾಜಿನಲ್ಲಿ, ಕಪ್ಪು ಬಣ್ಣದ ಒಂದು ವಿದ್ಯುತ್ ಗಿಟಾರು 39 ಲಕ್ಷ 75 ಸಾವಿರ ಡಾಲರುಗಳಿಗೆ ಮಾರಾಟವಾಯಿತು. ಇಂಗ್ಲೆಂಡಿನ ಪಿಂಕ್ ಫ್ಲಾಯ್ಡ್ ವಾದ್ಯವೃಂದದ ಡೇವಿಡ್ ಗಿಲ್ಮೋರ್ ಅವರು 1970ರಲ್ಲಿ ಅದೇ ನಗರದ ಅಂಗಡಿಯೊಂದರಲ್ಲಿ ಕೊಂಡುಕೊಂಡಿದ್ದ ಫೆಂಡರ್ ಸ್ಟ್ರಾಟೊಕಾಸ್ಟರ್ ವಾದ್ಯ ಅದು. ಆದರೆ ಅಂಗಡಿಯಿಂದ ಹೊರಬಿದ್ದಾಗ ಇದ್ದಂತೆ ಅದು ಹರಾಜಿನ ದಿನ ಇರಲಿಲ್ಲ. ನಡುವಣ ವರ್ಷಗಳಲ್ಲಿ ಅದರ ದಂಡಿ ಹಲವು ಬಾರಿ ಬದಲಾಗಿತ್ತು. ತಂತಿಗಳ ಕಂಪನವನ್ನು ಗ್ರಹಿಸುವ ಭಾಗಗಳು ಬದಲಾಗಿದ್ದುವು. ಹೊಸದೊಂದು ಸ್ವಿಚ್ಚು ಸೇರಿತ್ತು. ಒಡಲಿನ ಮರವನ್ನು ಕೊರೆದು, ಮುಂದೆ ಆ ತೂತುಗಳನ್ನು ತುಂಬಿದ್ದೂ ಉಂಟು.

ಈ ಸುದ್ದಿಯನ್ನು ಓದಿದ ತರುಣರು, "ಅಷ್ಟೊಂದು ಕೊರೆದ ವಾದ್ಯಕ್ಕೆ ಇಷ್ಟು ಬೆಲೆ ಬಂದಮೇಲೆ ನಾವು ಕೊರೆದರೆ ತಪ್ಪೇನು?" ಎಂದು ಕೇಳುವುದು ಸಹಜ. ನಮ್ಮ ವಿದ್ಯಾರ್ಥಿಯೊಬ್ಬ ಹೀಗೆಯೇ ಕೇಳಿದ. ಅವನ ಸೋದರಮಾವ ಹೊರದೇಶದಿಂದ ತಂದಿದ್ದ, 1970ರ ದಶಕದ ಜಪಾನೀ ಗಿಟಾರೊಂದು ಅವನ ಕೈಗೆ ಬಂದಿತ್ತು; ಸ್ಟ್ರಾಟೊಕಾಸ್ಟರಿನ ಮಾದರಿಯನ್ನೇ ಅನುಸರಿಸಿ ಮಾಡಿದ ವಾದ್ಯ. ಅದರ ನಾದ ಮಂದವಾಗಿದೆ, ಸದಾ ಗುಂಯ್‌ಗುಡುತ್ತದೆ. ಆದುದರಿಂದ ಅದರ ಒಡಲನ್ನು ಅಗಲವಾಗಿ ಕೊರೆದು ಬೇರೊಂದು ಬಗೆಯ ಗ್ರಾಹಕವನ್ನು ಕೂಡಿಸಬೇಕೆಂದು ಅವನ ಆಸೆ. ಅದಕ್ಕಾಗಿ ಪ್ರಯೋಗಶಾಲೆಯ ಬೈರಿಗೆಯನ್ನೂ ಉಳಿಯನ್ನೂ ಎರಡು ದಿನದ ಮಟ್ಟಿಗೆ ಕೊಡಬೇಕೆಂದು ಕೇಳಿಕೊಂಡ. ನಾವು ಅವನಿಗೆ ಬೈರಿಗೆಯನ್ನು ಕೊಡಲಿಲ್ಲ, ಮಲ್ಟಿಮೀಟರನ್ನು ಕೊಟ್ಟೆವು. ಏಕೆಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಹಳೆಯ ವಾದ್ಯವನ್ನು ಮುಟ್ಟಲೇಕೂಡದೆಂಬ ಪಕ್ಷ ನಮ್ಮದಲ್ಲ. ಬದಲಾಯಿಸುವುದು ತಪ್ಪಲ್ಲ, ಅಳೆಯದೆ ಬದಲಾಯಿಸುವುದು ತಪ್ಪು, ಹಿಂದಿರುಗಿಸಲಾಗದಂತೆ ಬದಲಾಯಿಸುವುದು ಇನ್ನೂ ದೊಡ್ಡ ತಪ್ಪು. ಉಷ್ಣಗತಿ ವಿಜ್ಞಾನವನ್ನು ಓದಿದವರಿಗೆ ವ್ಯುತ್ಕ್ರಮಣೀಯ ಕ್ರಿಯೆ, ಅವ್ಯುತ್ಕ್ರಮಣೀಯ ಕ್ರಿಯೆ ಎಂಬ ಭೇದ ತಿಳಿದೇ ಇದೆ. ಮೊದಲನೆಯದನ್ನು ಹಿಂದಕ್ಕೆ ನಡೆಸಬಹುದು, ಎರಡನೆಯದನ್ನು ನಡೆಸಲಾಗದು. ತಿರುಪುಮೊಳೆಯನ್ನು ಬಿಚ್ಚಿದರೆ ಮತ್ತೆ ಹಾಕಬಹುದು. ಉಳಿಯಿಂದ ಎದ್ದ ಹೊಟ್ಟನ್ನು ಮತ್ತೆ ಮರವಾಗಿಸಲು ಯಾರಿಂದಲೂ ಆಗದು.

ಈ ವಾದ್ಯ ಕೆಲಸಮಾಡುವ ಬಗೆಯನ್ನು ಮೊದಲು ನೋಡೋಣ. ಉಕ್ಕಿನ ತಂತಿಗಳ ಕೆಳಗೆ ಆರು ಸಣ್ಣ ಅಯಸ್ಕಾಂತಗಳನ್ನು ಸಾಲಾಗಿ ನಿಲ್ಲಿಸಿ, ಅವುಗಳ ಸುತ್ತ ಕೂದಲೆಳೆಯಷ್ಟು ತೆಳುವಾದ ತಾಮ್ರದ ತಂತಿಯನ್ನು ಸುಮಾರು 8,000 ಸುತ್ತು ಸುತ್ತಿರುತ್ತಾರೆ. ಇದಕ್ಕೆ ಪಿಕಪ್ ಎಂದು ಹೆಸರು. ಅಯಸ್ಕಾಂತದ ನೆರೆಯಲ್ಲಿರುವ ಉಕ್ಕಿನ ತಂತಿಯೂ ಕಾಂತತ್ವವನ್ನು ಪಡೆಯುತ್ತದೆ. ಅದು ಕಂಪಿಸಿದಾಗ ಸುರುಳಿಯನ್ನು ಹಾದುಹೋಗುವ ಕಾಂತಪ್ರವಾಹ ಏರಿಳಿಯುತ್ತದೆ; ಆ ಏರಿಳಿತದಿಂದ ಸುರುಳಿಯಲ್ಲಿ ವಿದ್ಯುತ್ತು ಪ್ರೇರಿತವಾಗುತ್ತದೆ. 1831ರಲ್ಲಿ ಫ್ಯಾರಡೆ ಮಹಾಶಯನು ಕಂಡುಹಿಡಿದ ತತ್ತ್ವವೇ ಇದು. ನೈಲಾನಿನ ತಂತಿಯನ್ನು ಕಟ್ಟಿದರೆ ಈ ಗಿಟಾರು ಮೂಕವಾಗುವುದೂ ಇದೇ ಕಾರಣದಿಂದ.

ಇಂಥ ವಾದ್ಯಗಳಲ್ಲಿ ಬಹು ಪ್ರಸಿದ್ಧವಾದುವು ಅಮೆರಿಕದಲ್ಲಿ 1950ರ ದಶಕದಲ್ಲಿ ಹುಟ್ಟಿದುವು. ಗಿಬ್ಸನ್ ಕಂಪೆನಿಯ ಲೆಸ್ ಪಾಲ್ ಮಾದರಿ 1952ರಲ್ಲಿಯೂ ಫೆಂಡರ್ ಕಂಪೆನಿಯ ಸ್ಟ್ರಾಟೊಕಾಸ್ಟರ್ 1954ರಲ್ಲಿಯೂ ಪೇಟೆಗೆ ಬಂದುವು. ಲಿಯೊ ಫೆಂಡರ್ ಅವರು ಕ್ಯಾಲಿಫೋರ್ನಿಯದ ಫುಲರ್ಟನ್ ಊರಿನಲ್ಲಿ ರೇಡಿಯೊ ರಿಪೇರಿಯ ಅಂಗಡಿಯನ್ನಿಟ್ಟಿದ್ದವರು. ತಾವೇ ಗಿಟಾರನ್ನು ನುಡಿಸಬಲ್ಲವರಾಗಿರಲಿಲ್ಲ. ಆದರೆ ಕೆಟ್ಟುದನ್ನು ಸರಿಪಡಿಸುವವನ ಕಷ್ಟವನ್ನು ಬಲ್ಲವರಾಗಿದ್ದರು. ಅವರ ಗಿಟಾರಿನ ದಂಡಿಯನ್ನು ಒಡಲಿಗೆ ಅಂಟಿನಿಂದ ಕೂಡಿಸಿಲ್ಲ. ನಾಲ್ಕು ತಿರುಪುಮೊಳೆಗಳಿಂದ ಬಿಗಿದಿದೆ. ಸ್ಟ್ರಾಟೊಕಾಸ್ಟರಿನ ಮೂರು ಪಿಕಪ್ಪುಗಳು, ಸ್ವಿಚ್ಚು, ಗುಂಡಿಗಳು ಎಲ್ಲವೂ ಒಂದೇ ಫಲಕದ ಮೇಲೆ ಕುಳಿತಿವೆ. ಆದುದರಿಂದ ಈ ವಾದ್ಯದಲ್ಲಿ ಬದಲಾವಣೆಗೆ ಅವಕಾಶ ಹುಟ್ಟಿನಿಂದಲೇ ಇದೆ. ಆ ಅವಕಾಶ ತಿರುಪುಳಿಗೆ, ಉಳಿಗಲ್ಲ.

ಹಳೆಯದಾದ ಮಾತ್ರಕ್ಕೆ ಗಿಟಾರು ಉತ್ತಮವೇ? 1965ರ ಜನವರಿಯಲ್ಲಿ ಫೆಂಡರ್ ಕಂಪೆನಿಯನ್ನು ಸಿ.ಬಿ.ಎಸ್. ಎಂಬ ದೊಡ್ಡ ಸಂಸ್ಥೆ ಕೊಂಡುಕೊಂಡಿತು. ಅದಕ್ಕೆ ಹಿಂದಿನವೆಲ್ಲ ಶ್ರೇಷ್ಠ, ಮುಂದಿನವೆಲ್ಲ ಕನಿಷ್ಠ ಎಂಬ ನಂಬಿಕೆ ವಾದಕರಲ್ಲಿ ಬೇರೂರಿದೆ. ವ್ಯಾಪಾರಕ್ಕೆ ಇಂಥ ನಂಬಿಕೆ ಬಹಳ ಅನುಕೂಲ. ಆದರೆ ಕಿವಿಯ ಸಾಕ್ಷ್ಯವನ್ನು ಕಣ್ಣು ಎಷ್ಟು ಸುಲಭವಾಗಿ ಕೆಡಿಸುತ್ತದೆಂಬುದಕ್ಕೆ ಪಿಟೀಲಿನ ನಿದರ್ಶನವೊಂದುಂಟು. ಕ್ಲಾಡಿಯ ಫ್ರಿಟ್ಜ್ ಮತ್ತು ಅವರ ಸಹೋದ್ಯೋಗಿಗಳು 2012ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 21 ಮಂದಿ ವಾದಕರು, ವಾದ್ಯದ ಗುರುತು ಕಾಣದಂತೆ ಕಪ್ಪು ಕನ್ನಡಕವನ್ನು ಧರಿಸಿ, ಮೂರು ಹೊಸ ಪಿಟೀಲುಗಳನ್ನೂ, ಸ್ಟ್ರಾಡಿವಾರಿ ಮೊದಲಾದವರು ಮಾಡಿದ ಮೂರು ಹಳೆಯ ಪಿಟೀಲುಗಳನ್ನೂ ನುಡಿಸಿ ನೋಡಿದರು. ಹೆಚ್ಚು ಮಂದಿ ಮೆಚ್ಚಿದುದು ಒಂದು ಹೊಸ ಪಿಟೀಲನ್ನು. ಎಲ್ಲಕ್ಕಿಂತ ಕಡಮೆ ಮೆಚ್ಚಿಗೆ ಪಡೆದುದು ಒಂದು ಸ್ಟ್ರಾಡಿವಾರಿ. ಹಳೆಯದೆಲ್ಲ ಕೀಳೆಂದು ಇದರಿಂದ ಸಿದ್ಧವಾಗುವುದಿಲ್ಲ. ಆದರೆ ವಯಸ್ಸೊಂದೇ ಗುಣಕ್ಕೆ ಪ್ರಮಾಣವಲ್ಲವೆಂಬುದಂತೂ ಸಿದ್ಧವಾಗುತ್ತದೆ.

ಆದುದರಿಂದ ಹಳೆಯ ಗಿಟಾರನ್ನು ಕೊಳ್ಳುವವನು ಮಾರುವವನ ಕಥೆಗೆ ಕಿವಿಗೊಡುವುದಕ್ಕಿಂತ ಅಳತೆಗೆ ಮನಸ್ಸು ಕೊಡುವುದು ಲೇಸು. ಮೊದಲು ದಂಡಿಯನ್ನು ಪರೀಕ್ಷಿಸಬೇಕು. ಸಾಮಾನ್ಯವಾಗಿ ಕಟ್ಟುವ ಆರು ತಂತಿಗಳ ಒಟ್ಟು ಸೆಳೆತ ಸುಮಾರು 47 ಕಿಲೋಗ್ರಾಂ ಭಾರಕ್ಕೆ ಸಮ. ಹತ್ತಾರು ವರ್ಷ ಇಷ್ಟು ಸೆಳೆತವನ್ನು ತಾಳಿದ ಮರ ಬಾಗಿರುವ ಅಥವಾ ತಿರುಚಿಕೊಂಡಿರುವ ಸಂಭವ ಉಂಟು. ಬಾಗನ್ನು ದಂಡಿಯೊಳಗಿನ ಉಕ್ಕಿನ ಸರಳನ್ನು ತಿರುಗಿಸಿ ಸರಿಪಡಿಸಬಹುದು. ತಿರುಚನ್ನು ಹಾಗೆ ಸರಿಪಡಿಸಲಾಗದು. ಆ ಸರಳಿನ ತಿರುಪು ಇನ್ನೂ ತಿರುಗುತ್ತದೆಯೇ ಎಂಬುದನ್ನು ಹಣ ಕೊಡುವ ಮುನ್ನವೇ ನೋಡಬೇಕು.

ಎರಡನೆಯದು ಪಿಕಪ್ಪಿನ ಪರೀಕ್ಷೆ. ಸ್ಟ್ರಾಟೊಕಾಸ್ಟರ್ ಮಾದರಿಯ ಒಂಟಿ ಸುರುಳಿಯ ರೋಧ ಸಾಮಾನ್ಯವಾಗಿ 6,000 ಓಮ್‌ಗಳ ಆಸುಪಾಸಿನಲ್ಲಿರುತ್ತದೆ. ಮಲ್ಟಿಮೀಟರು ಅನಂತ ರೋಧವನ್ನು ತೋರಿಸಿದರೆ ಸುರುಳಿಯೋ ಅದರ ಬೆಸುಗೆಯೋ ಕಡಿದಿದೆಯೆಂದು ತಿಳಿಯಬೇಕು. ತೀರ ಕಡಮೆ ತೋರಿಸಿದರೆ ಒಳಗೆ ಸುತ್ತುಗಳು ಒಂದಕ್ಕೊಂದು ತಾಗಿರಬಹುದು. ಮಾರುವವನು ಎಷ್ಟು ಸತ್ಯವಂತನಾದರೂ ಸುರುಳಿಯ ಒಳಗನ್ನು ಅವನೂ ನೋಡಿರುವುದಿಲ್ಲ.

ಮೂರನೆಯದು ಕಾಲನಿರ್ಣಯ. ಅಮೆರಿಕದ ಗಿಟಾರುಗಳ ನಾದದ ಗುಂಡಿಯ ಕೆಳಗಿರುವ ಪೊಟೆನ್ಷಿಯಾಮೀಟರಿನ ಬೆನ್ನಿನ ಮೇಲೆ ಒಂದು ಸಂಖ್ಯೆಯನ್ನು ಒತ್ತಿರುವುದುಂಟು. ಉದಾಹರಣೆಗೆ 1376633 ಎಂದಿದ್ದರೆ, 137 ಎಂಬುದು ಅದನ್ನು ತಯಾರಿಸಿದ ಸಿ.ಟಿ.ಎಸ್. ಕಂಪೆನಿಯ ಗುರುತು, 66 ಎಂಬುದು 1966ನೆಯ ವರ್ಷ, 33 ಎಂಬುದು ಆ ವರ್ಷದ ವಾರ. ಅಂಥ ಗಿಟಾರನ್ನು 1962ರದೆಂದು ಮಾರಲು ಬಂದರೆ, ಒಂದೋ ಆ ಭಾಗವನ್ನು ಆಮೇಲೆ ಬದಲಾಯಿಸಿದ್ದಾರೆ, ಇಲ್ಲವೇ ಹೇಳಿದ ವರ್ಷ ಸುಳ್ಳು. ಆದರೆ ಒಂದು ಎಚ್ಚರ: ಈ ಸಂಖ್ಯೆ ಭಾಗ ತಯಾರಾದ ಕಾಲವನ್ನು ಹೇಳುತ್ತದೆಯೇ ಹೊರತು ಗಿಟಾರು ತಯಾರಾದ ಕಾಲವನ್ನಲ್ಲ. ಭಾಗಗಳು ಕಾರ್ಖಾನೆಯ ಪೆಟ್ಟಿಗೆಯಲ್ಲಿ ತಿಂಗಳುಗಟ್ಟಲೆ ಉಳಿದಿರಬಹುದು. ಬಂಡೆಯ ಪದರವನ್ನು ನೋಡಿ ಕಾಲವನ್ನು ಅಳೆಯುವ ಭೂವಿಜ್ಞಾನಿಯಂತೆ, ಹಲವು ಗುರುತುಗಳು ಒಂದೇ ಕಡೆಗೆ ಬೆರಳು ತೋರಿಸುತ್ತವೆಯೇ ಎಂದು ನೋಡಬೇಕು.

ಇನ್ನು ಮಾರ್ಪಾಟಿನ ಮಾತು. ಇಲ್ಲಿ ಬಡ ವಿದ್ಯಾರ್ಥಿಗೂ ಎಟಕುವ ಒಂದು ಸಂಗತಿಯನ್ನು ಮೊದಲು ಹೇಳುತ್ತೇವೆ. ಪಿಕಪ್ಪಿನ ಸುರುಳಿಗೆ ಪ್ರೇರಕತೆ ಇದೆ. ಗಿಟಾರನ್ನು ಧ್ವನಿವರ್ಧಕಕ್ಕೆ ಜೋಡಿಸುವ ಕೇಬಲ್ಲಿಗೆ ಧಾರಕತೆ ಇದೆ. ಇವೆರಡೂ ಸೇರಿದಾಗ ಒಂದು ನಿರ್ದಿಷ್ಟ ಆವೃತ್ತಿಯಲ್ಲಿ ಅನುರಣನೆ ಉಂಟಾಗುತ್ತದೆ. ಆ ಆವೃತ್ತಿಯ ನೆರೆಯ ಮೇಲ್ಸ್ವರಗಳು ಎದ್ದು ಕೇಳಿಸುತ್ತವೆ. ಅದಕ್ಕೂ ಮೇಲಿನವು ಬೇಗನೆ ಕುಗ್ಗುತ್ತವೆ. ಸುರುಳಿಯ ಪ್ರೇರಕತೆ 2.2 ಹೆನ್ರಿ ಎಂದೂ, ಸುರುಳಿಯದೇ ಆದ ಧಾರಕತೆ 100 ಪಿಕೊಫ್ಯಾರಡ್ ಎಂದೂ, ಕೇಬಲ್ಲಿನ ಧಾರಕತೆ ಮೀಟರಿಗೆ 100 ಪಿಕೊಫ್ಯಾರಡ್ ಎಂದೂ ಇಟ್ಟುಕೊಳ್ಳೋಣ. 3 ಮೀಟರಿನ ಕೇಬಲ್ಲಾದರೆ ಅನುರಣನೆ ಸೆಕೆಂಡಿಗೆ ಸುಮಾರು 5,400 ಕಂಪನಗಳಲ್ಲಿ ಬರುತ್ತದೆ. 10 ಮೀಟರಿನದಾದರೆ ಸುಮಾರು 3,200ಕ್ಕೆ ಇಳಿಯುತ್ತದೆ. ವಿದ್ಯಾರ್ಥಿಗಳು ಸೂತ್ರವನ್ನು ಹಿಡಿದು ತಾವೇ ಲೆಕ್ಕಹಾಕಿ ನೋಡಬಹುದು. ಮರವನ್ನು ಮುಟ್ಟದೆ, ಬೆಸುಗೆಯನ್ನು ಬಿಚ್ಚದೆ, ಕೇಬಲ್ಲಿನ ಉದ್ದವೊಂದನ್ನೇ ಬದಲಾಯಿಸಿ ಇಷ್ಟು ಅಂತರವನ್ನು ಪಡೆಯಬಹುದು!

ಇದರಂತೆಯೇ ಪಿಕಪ್ಪಿನ ಎತ್ತರವನ್ನು ಎರಡು ತಿರುಪುಗಳಿಂದ ಏರಿಸಿ ಇಳಿಸಬಹುದು. ಅಯಸ್ಕಾಂತ ತಂತಿಗೆ ತೀರ ಹತ್ತಿರವಾದರೆ ಅದರ ಸೆಳೆತದಿಂದ ತಂತಿಯ ಕಂಪನವೇ ಕೆಟ್ಟು, ಸ್ವರ ಅಪಸ್ವರವಾಗುತ್ತದೆ. ಎಷ್ಟೋ ಜನ ಇದನ್ನು ಮರದ ದೋಷವೆಂದು ತಿಳಿದು ಗಿಟಾರನ್ನೇ ಮಾರಿಬಿಡುತ್ತಾರೆ. ತಂತಿಯ ದಪ್ಪ, ಕುದುರೆಯ ಮೇಲೆ ತಂತಿಯ ಉದ್ದ, ಪೊಟೆನ್ಷಿಯಾಮೀಟರಿನ ರೋಧ, ನಾದವನ್ನು ತಿದ್ದುವ ಧಾರಕ ಇವೆಲ್ಲವೂ ಹಿಂದಿರುಗಿಸಬಹುದಾದ ಬದಲಾವಣೆಗಳೇ. ಧಾರಕದ ವಿಷಯದಲ್ಲಿ ಒಂದು ಮಾತು: ಎಣ್ಣೆಯಲ್ಲಿ ಅದ್ದಿದ ಕಾಗದದ ಹಳೆಯ ಧಾರಕಕ್ಕೆ ದುಬಾರಿ ಬೆಲೆ ಕೊಡುವವರುಂಟು. ಈ ಮಂಡಲದಲ್ಲಿ ಹರಿಯುವ ಅತ್ಯಲ್ಪ ವಿದ್ಯುತ್ತಿಗೆ ಸಂಬಂಧಿಸಿದಂತೆ ಮುಖ್ಯವಾದುದು ಧಾರಕತೆಯ ಪ್ರಮಾಣ. ಅದರ ಹೊದಿಕೆಯಲ್ಲ, ವಯಸ್ಸಲ್ಲ. ಮೊದಲು ಅಳೆಯಿರಿ, ಹಣವನ್ನು ಆಮೇಲೆ ತೆಗೆಯಿರಿ.

ಬಳಸುವವರೇ ಮಾಡಿಕೊಂಡ ಬದಲಾವಣೆಯಿಂದ ತಯಾರಕರು ಪಾಠ ಕಲಿತದ್ದೂ ಉಂಟು. ಸ್ಟ್ರಾಟೊಕಾಸ್ಟರಿನ ಮೊದಲ ಸ್ವಿಚ್ಚಿಗೆ ಮೂರೇ ಸ್ಥಾನಗಳಿದ್ದುವು. ಒಂದು ಸಲಕ್ಕೆ ಒಂದೇ ಪಿಕಪ್. ವಾದಕರು ಸ್ವಿಚ್ಚನ್ನು ಎರಡು ಸ್ಥಾನಗಳ ನಡುವೆ ಸಿಕ್ಕಿಸಿ ನಿಲ್ಲಿಸಿ, ಎರಡು ಪಿಕಪ್ಪುಗಳನ್ನು ಒಟ್ಟಿಗೆ ನುಡಿಸುವ ಉಪಾಯವನ್ನು ಕಂಡುಕೊಂಡರು. ಆ ನಾದ ಎಷ್ಟು ಜನಪ್ರಿಯವಾಯಿತೆಂದರೆ, 1977ರಲ್ಲಿ ಕಂಪೆನಿಯವರೇ ಐದು ಸ್ಥಾನಗಳ ಸ್ವಿಚ್ಚನ್ನು ಹಾಕಿ ಕಳುಹಿಸತೊಡಗಿದರು. ಎರಿಕ್ ಕ್ಲಾಪ್ಟನ್ ಅವರು 1970ರಲ್ಲಿ ನ್ಯಾಶ್‌ವಿಲ್ ನಗರದಲ್ಲಿ ಹಳೆಯ ಸ್ಟ್ರಾಟೊಕಾಸ್ಟರುಗಳನ್ನು ಅಗ್ಗವಾಗಿ ಕೊಂಡು, ಮೂರರ ಒಳ್ಳೆಯ ಭಾಗಗಳನ್ನು ಆಯ್ದು ಒಂದನ್ನು ಕಟ್ಟಿಕೊಂಡರು. 2004ರ ಹರಾಜಿನಲ್ಲಿ ಅದಕ್ಕೆ 9,59,500 ಡಾಲರು ಬಂದಿತು. ತಿರುಪುಳಿಯಿಂದ ಎಷ್ಟನ್ನು ಸಾಧಿಸಬಹುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ.

ಹಾಗಾದರೆ ಉಳಿಯ ಪ್ರಶ್ನೆ ಎಲ್ಲಿ ಬರುತ್ತದೆ? ಬಹುಮಟ್ಟಿಗೆ ಗುಂಯ್‌ಕಾರದಿಂದ ಬರುತ್ತದೆ. ಒಂಟಿ ಸುರುಳಿ ತಂತಿಯ ಕಂಪನವನ್ನು ಮಾತ್ರವಲ್ಲದೆ, ಮನೆಯ ವಿದ್ಯುತ್ತಿನ ಸುತ್ತ ಹರಡಿದ ಕಾಂತಕ್ಷೇತ್ರವನ್ನೂ ಗ್ರಹಿಸುತ್ತದೆ. ನಮ್ಮ ದೇಶದಲ್ಲಿ ಅದರ ಆವೃತ್ತಿ ಸೆಕೆಂಡಿಗೆ 50, ಅಮೆರಿಕದಲ್ಲಿ 60. ಗಿಬ್ಸನ್ ಕಂಪೆನಿಯ ಸೆತ್ ಲವರ್ ಅವರು ಇದಕ್ಕೆ ಸೊಗಸಾದ ಪರಿಹಾರವನ್ನು ಕಂಡುಹಿಡಿದು 1955ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು. 1959ರಲ್ಲಿ ಅದು ದೊರೆಯಿತು. ಎರಡು ಸುರುಳಿಗಳನ್ನು ಪಕ್ಕಪಕ್ಕದಲ್ಲಿಟ್ಟು, ಒಂದಕ್ಕೊಂದು ವಿರುದ್ಧವಾಗಿ ಜೋಡಿಸಿ, ಅವುಗಳ ಕಾಂತಧ್ರುವಗಳನ್ನೂ ವಿರುದ್ಧವಾಗಿರಿಸಿದರೆ, ಹೊರಗಿನಿಂದ ಬಂದ ಗುಂಯ್‌ಕಾರ ಎರಡರಲ್ಲಿಯೂ ಎದುರುಬದುರಾಗಿ ಹುಟ್ಟಿ ಅಳಿಯುತ್ತದೆ. ತಂತಿಯ ನಾದವಾದರೋ ಎರಡು ಬಾರಿ ತಿರುವುಮುರುವಾದುದರಿಂದ ಕೂಡಿಕೊಳ್ಳುತ್ತದೆ. ಆದರೆ ಇಂಥ ಜೋಡಿ ಪಿಕಪ್ ಅಗಲವಾದುದು. ಒಂಟಿ ಸುರುಳಿಯ ಗೂಡಿನಲ್ಲಿ ಅದನ್ನು ಕೂಡಿಸಲು ಮರವನ್ನು ಕೊರೆಯಬೇಕು. ಹೀಗೆ ಕೊರೆಸಿಕೊಂಡ ಹಳೆಯ ವಾದ್ಯಗಳು ಅನೇಕ. ಎರಡು ಸುರುಳಿಗಳನ್ನು ಒಂದರ ಮೇಲೊಂದಿರಿಸಿ, ಚಿಕ್ಕ ಗೂಡಿನಲ್ಲಿಯೇ ಕೂರುವಂತೆ ಮಾಡಿದ ಪಿಕಪ್ಪುಗಳು ಈಗ ದೊರೆಯುವುದರಿಂದ ಆ ಕೊರೆತ ಇಂದು ಅನಾವಶ್ಯಕ.

ಗಿಲ್ಮೋರ್ ಅವರ ಗಿಟಾರು ಕೊರೆದಿದ್ದರೂ ಬೆಲೆಯಾಯಿತಲ್ಲ ಎಂದರೆ, ಆ ಬೆಲೆ ಬಂದುದು ಅದನ್ನು ನುಡಿಸಿದ ಕೈಗೆ. ಆ ಕೈ ಇಲ್ಲದೆ ತೂತು ಮಾತ್ರ ಉಳಿದ ವಾದ್ಯದ ಬೆಲೆ ಇಳಿಯುತ್ತದೆಯೇ ಹೊರತು ಏರುವುದಿಲ್ಲ.

ಬೆಲೆಗಿಂತ ಮಿಗಿಲಾದ ಇನ್ನೊಂದು ಕಾರಣವುಂಟು, ಅದು ಮರ. 1959ರಿಂದ ಸ್ಟ್ರಾಟೊಕಾಸ್ಟರಿನ ಬೆರಳುಹಲಗೆಗೆ ಬ್ರೆಜಿಲ್ ದೇಶದ ಬೀಟೆಯನ್ನು ಬಳಸತೊಡಗಿದರು. ಆ ಮರ ಅಳಿವಿನ ಅಂಚಿಗೆ ಬಂದುದರಿಂದ 1992ರಲ್ಲಿ ಅದರ ಅಂತರರಾಷ್ಟ್ರೀಯ ವ್ಯಾಪಾರವನ್ನು ಬಹುಮಟ್ಟಿಗೆ ನಿಷೇಧಿಸಲಾಯಿತು. ಅದು ವಿರಳವಾದಂತೆ ಗಿಟಾರು ತಯಾರಕರ ಕಣ್ಣು ಅದರ ದಾಯಾದಿಯಾದ ನಮ್ಮ ಬೀಟೆಯ ಮೇಲೆ ಬಿದ್ದಿತು. ಅಮೆರಿಕದ ಮಾರ್ಟಿನ್ ಕಂಪೆನಿ 1969ರಲ್ಲಿ ತನ್ನ ಗಿಟಾರುಗಳಿಗೆ ಬ್ರೆಜಿಲಿನ ಬೀಟೆಯನ್ನು ಬಿಟ್ಟು ಭಾರತದ ಬೀಟೆಯನ್ನು ಹಿಡಿಯಿತು. ಕೊಡಗು, ಮಲೆನಾಡುಗಳ ಕಾಡಿನಲ್ಲಿ ಬೆಳೆಯುವ ಜಾತಿಯೇ ಅದು. ದೂರದ ದೇಶದ ಹಳೆಯ ಗಿಟಾರೊಂದರ ಬೆರಳುಹಲಗೆಯಲ್ಲಿ ನಮ್ಮ ಘಟ್ಟದ ಮರ ಕುಳಿತಿರಬಹುದೆಂಬುದನ್ನು ನೆನೆದರೆ ಉಳಿ ಹಿಡಿದ ಕೈ ತಾನಾಗಿಯೇ ತಡೆಯುತ್ತದೆ.

ಹಿಂದಿರುಗಿಸಬಹುದಾದ ತಿದ್ದುಪಡಿ ನಮಗೆ ಹೊಸದೂ ಅಲ್ಲ. ವೀಣೆಯ 24 ಮೆಟ್ಟಿಲುಗಳನ್ನು ಮರದಲ್ಲಿ ಹೂಳಿಲ್ಲ. ಮೇಣದ ಹಾಸಿನ ಮೇಲೆ ಕೂಡಿಸಿದೆ. ಮೇಣ ಸಡಿಲಿ ಸ್ವರ ತಪ್ಪಿದಾಗ, ಹಾಸನ್ನು ಹೊಸದಾಗಿ ಮಾಡಿ ಕಿವಿಯಿಂದ ಕೇಳುತ್ತ ಮೆಟ್ಟಿಲುಗಳನ್ನು ಮತ್ತೆ ಕೂಡಿಸುತ್ತಾರೆ. ಮರಕ್ಕೆ ಗಾಯವಿಲ್ಲ, ವಾದ್ಯಕ್ಕೆ ಹೊಸ ಹುಟ್ಟು. ಇದನ್ನು ಯೋಚಿಸಿದ ಕುಶಲಿಗಳು ಭೌತವಿಜ್ಞಾನದ ಪುಸ್ತಕವನ್ನು ಓದಿದವರಲ್ಲದಿರಬಹುದು; ಅದರ ವಿವೇಕವನ್ನು ಮಾತ್ರ ಬಲ್ಲವರಾಗಿದ್ದರು.

ಇಷ್ಟು ಹೇಳಿದ ಮೇಲೂ ಕೊರೆಯಲೇಬೇಕೆಂಬ ಉತ್ಸಾಹವಿದ್ದವರಿಗೆ ನಮ್ಮ ಸಲಹೆ ಇದು: ಹಳೆಯದನ್ನು ಬಿಡಿ, ಹೊಸ ಮರವನ್ನು ಕೊರೆಯಿರಿ, ಸಾಧ್ಯವಾದರೆ ಪೂರ್ತಿ ವಾದ್ಯವನ್ನೇ ಕಟ್ಟಿ. ಬ್ರಯನ್ ಮೇ ಎಂಬ ಇಂಗ್ಲಿಷ್ ಹುಡುಗ 1963ರಲ್ಲಿ, ತಂದೆಯೊಡನೆ ಸೇರಿ, ಹಳೆಯ ಅಗ್ಗಿಷ್ಟಿಕೆಯ ಚೌಕಟ್ಟಿನ ಮರದಿಂದ ದಂಡಿಯನ್ನು ಕೆತ್ತಿ ಗಿಟಾರೊಂದನ್ನು ಕಟ್ಟಲಾರಂಭಿಸಿದ. ಮುಂದೆ ಕ್ವೀನ್ ವಾದ್ಯವೃಂದದಲ್ಲಿ ಅದನ್ನೇ ನುಡಿಸಿ ಲೋಕಪ್ರಸಿದ್ಧನಾದ. 2007ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನಿಂದ ಖಗೋಳ ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದವರೂ ಅವರೇ.

ಇಲ್ಲಿ ಒಂದು ಗಂಭೀರವಾದ ಎಚ್ಚರಿಕೆಯನ್ನು ಹೇಳದೆ ಮುಗಿಸಲಾಗದು. ಗಿಟಾರಿನೊಳಗಿನ ವಿದ್ಯುತ್ತು ಯಾರಿಗೂ ಕೆಡುಕು ಮಾಡದು. ಆದರೆ ಅದರ ಜೊತೆಗೆ ಬರುವ ಹಳೆಯ ವಾಲ್ವು ಧ್ವನಿವರ್ಧಕದೊಳಗೆ 300ರಿಂದ 500 ವೋಲ್ಟುಗಳಿರುತ್ತವೆ. ಸ್ವಿಚ್ಚನ್ನು ಆರಿಸಿ ಪ್ಲಗ್ಗನ್ನು ಕಿತ್ತಮೇಲೂ ಅದರ ಧಾರಕಗಳಲ್ಲಿ ಪ್ರಾಣಾಂತಕವಾದ ವಿದ್ಯುತ್ತು ಉಳಿದಿರಬಹುದು. ಅಮೆರಿಕದ 120 ವೋಲ್ಟಿನ ಯಂತ್ರವನ್ನು ನಮ್ಮ 230 ವೋಲ್ಟಿಗೆ ನೇರವಾಗಿ ಜೋಡಿಸಬಾರದು. ಭೂಸಂಪರ್ಕವಿಲ್ಲದ ಎರಡು ಕಡ್ಡಿಯ ಪ್ಲಗ್ಗನ್ನು ನಂಬಬಾರದು. 1972ರಲ್ಲಿ ವೇಲ್ಸಿನ ಸ್ವಾನ್‌ಸೀ ನಗರದಲ್ಲಿ, ಲೆಸ್ಲಿ ಹಾರ್ವೆ ಎಂಬ ತರುಣ ಗಿಟಾರ್ ವಾದಕ, ಸರಿಯಾದ ಭೂಸಂಪರ್ಕವಿಲ್ಲದ ಮೈಕನ್ನು ಮುಟ್ಟಿ ವೇದಿಕೆಯ ಮೇಲೆಯೇ ವಿದ್ಯುದಾಘಾತದಿಂದ ಸತ್ತ. ಗಿಟಾರನ್ನು ತಾವೇ ಬಿಚ್ಚಬಹುದು. ಧ್ವನಿವರ್ಧಕವನ್ನು ಮಾತ್ರ ಬಲ್ಲವರ ಕೈಗೇ ಕೊಡತಕ್ಕದ್ದು.

ನಮ್ಮ ವಿದ್ಯಾರ್ಥಿಯ ಗಿಟಾರಿನ ಕಥೆ ಏನಾಯಿತೆಂಬುದನ್ನು ಹೇಳಿ ಮುಗಿಸುತ್ತೇವೆ. ಮೂರು ಸುರುಳಿಗಳ ರೋಧವೂ ಸರಿಯಾಗಿಯೇ ಇದ್ದಿತು. ಕುದುರೆಯನ್ನು ಭೂಸಂಪರ್ಕಕ್ಕೆ ಜೋಡಿಸುವ ಸಣ್ಣ ತಂತಿಯ ಬೆಸುಗೆ ಬಿಟ್ಟುಹೋಗಿದ್ದಿತು. ಕೇಬಲ್ಲು 10 ಮೀಟರ್ ಉದ್ದವಿದ್ದಿತು. ಒಂದು ಬೆಸುಗೆ, 3 ಮೀಟರಿನ ಒಂದು ಕೇಬಲ್ಲು: ಇಷ್ಟರಿಂದ ನಾದ ತೆರೆದುಕೊಂಡಿತು, ಗುಂಯ್‌ಕಾರ ಬಹಳಮಟ್ಟಿಗೆ ಇಳಿಯಿತು. ಪೂರ್ತಿ ಹೋಗಲಿಲ್ಲವೆಂಬುದನ್ನೂ ಹೇಳಬೇಕು; ಒಂಟಿ ಸುರುಳಿಯ ಸ್ವಭಾವವೇ ಅದು. ಬಿಚ್ಚಿದ ಭಾಗಗಳನ್ನೂ ಅಳತೆಗಳನ್ನೂ ಅವನು ತಾರೀಖು ಹಾಕಿ ಒಂದು ಲಕೋಟೆಯಲ್ಲಿ, ಒಂದು ನೋಟುಪುಸ್ತಕದಲ್ಲಿ ಇಟ್ಟುಕೊಂಡಿದ್ದಾನೆ. ಮುಂದೆ ಆ ವಾದ್ಯ ಯಾರ ಕೈಗೆ ಹೋದರೂ ಅವು ಅದರೊಡನೆ ಹೋಗುತ್ತವೆ.

ನಮ್ಮ ಕಾಲೇಜುಗಳಲ್ಲಿ ಅನುರಣನೆಯ ಪ್ರಯೋಗವನ್ನು ಪೆಟ್ಟಿಗೆಯೊಳಗಿನ ಸುರುಳಿಯಿಂದ ಮಾಡಿಸುತ್ತೇವೆ. ಅಂಕ ಬಂದೊಡನೆ ವಿದ್ಯಾರ್ಥಿ ಅದನ್ನು ಮರೆಯುತ್ತಾನೆ. ತನ್ನ ಗಿಟಾರನ್ನು ಅಳೆದವನು ಮರೆಯಲಾರ. ಆದುದರಿಂದ ಇಂಥ ವಸ್ತುಗಳಿಗೆ ಪ್ರಯೋಗಶಾಲೆಯ ಬಾಗಿಲನ್ನು ತೆರೆದಿಡುವುದು ಅಧ್ಯಾಪಕರಾದ ನಮ್ಮ ಕರ್ತವ್ಯ. ಬೈರಿಗೆಯನ್ನು ಕೈಗೆತ್ತಿಕೊಳ್ಳುವ ಮುನ್ನ, "ಇದನ್ನು ನಾಳೆ ಮೊದಲಿನಂತೆ ಮಾಡಬಲ್ಲೆನೆ?" ಎಂದು ಒಂದು ಸಲ ಕೇಳಿಕೊಳ್ಳುವುದು ವಿದ್ಯಾರ್ಥಿಗಳ ಕರ್ತವ್ಯ.